ಪಾಲಿಗೆ ಬಂದಿದ್ದ

ನನ್ನ ಕೈಬರಹ ಈಗ ಮೊಬೈಲಿನಲ್ಲಿ ಊರೂರು ತಿರುಗುತ್ತಿದೆ. ಕೊಲೆ ಸುಲಿಗೆಯ ಕತೆ ಹೇಳಿ ಹೊಟ್ಟೆ ಹೊರೆಯುವ ಒಂದು ಚಾನೆಲ್‌ನವನು ಪಾವಗಡ ಸೀಮೆಯ ಹಳೇ ಕೇಸೊಂದನ್ನು ಕೆದಕಿ, ಹಿಂದೆ ಢಂ ಢಂ ಸದ್ದು ಹಾಕಿ, ದೂರಿನ ನಕಲು ಪ್ರತಿಯನ್ನು ಪರದೆ ತುಂಬ ತೋರಿಸಿದ್ದಾನೆ. ಅದರಲ್ಲಿ ಒಂದು ಸಾಲಿಗೆ ಕೆಂಪು ಗೆರೆ ಬೇರೆ. 'ನನ್ನ ಕಿರಿಯ ಮಗನು ತನ್ನ ಪಾಲಿನ ಆಸ್ತಿಯನ್ನು ಕೇಳಲು ಬಂದಿದ್ದನು.' ಕೊನೆಗೆ ಕಣ್ಣರಳಿಸಿ ಕೇಳುತ್ತಾನೆ: ಅಣ್ಣನನ್ನು ಕೊಂದವನು ತಮ್ಮನಲ್ಲದಿದ್ದರೆ ಮತ್ತ್ಯಾರು? ಕೆಳಗೆ ಜನ ಪುಕ್ಕಟೆ ತೀರ್ಪು ಕೊಟ್ಟಿದ್ದಾರೆ. ಗಲ್ಲಿಗೆ ಹಾಕಬೇಕಿತ್ತು ಅಂದವರೇ ಹೆಚ್ಚು. ಒಬ್ಬಾಕೆ ಮಾತ್ರ 'ಹ್ಯಾಂಡ್‌ರೈಟಿಂಗ್ ಸೂಪರ್' ಅಂತ ಬರೆದಿದ್ದಾಳೆ.

ಆ ಸೂಪರ್ ಅಕ್ಷರ ನನ್ನದು. ಆ ಸಾಲೂ ನನ್ನದೇ. ಅದನ್ನು ಹೇಳಿದಳೆಂದು ಯಾರ ಹೆಬ್ಬೆಟ್ಟು ಒತ್ತಿಸಿದೆವೋ ಆ ತಾಯಿ ಹಾಗೆ ಹೇಳಿರಲೇ ಇಲ್ಲ.

ನಾನು ಕಳ್ಳಂಬೆಳ್ಳದ ಕಡೆಯವಳು. ನಮ್ಮಪ್ಪ ಶಿರಾದ ಸಂತೆಗೆ ಹೋದಾಗಲೆಲ್ಲ ಜೊತೆಗೆ ಹೋಗಿ, ಬಜಾರಿನಲ್ಲಿದ್ದ ಬಾಡಿಗೆ ಪುಸ್ತಕದ ಅಂಗಡಿಯಿಂದ ಪತ್ತೇದಾರಿ ಕಾದಂಬರಿ ತರುತ್ತಿದ್ದೆ. ಎರಡು ದಿನಕ್ಕೆ ಒಂದು ಮುಗಿಯುತ್ತಿತ್ತು. ಅಂಗಡಿಯ ಸಾಬರು ನಗುತ್ತಿದ್ದರು. "ಕ್ಯಾ ಬೇಟೀ, ಇದೂ ಆಗೋಯ್ತಾ? ಖೂನಿ ಮಾಡಿದ್ದು ಯಾರು ಅಂತ ಇಲ್ಲಿ ನಿಂತ್ಕೊಂಡು ಹೇಳ್ಬ್ಯಾಡ, ನಮ್ದು ಗಿರಾಕಿ ಹೋಗ್ತಾರೆ." ನಮ್ಮಮ್ಮನದು ಬೇರೆ ರಾಗ. "ಪುಸ್ತಕದಾಗೆ ಮೂಗು ತೂರಿಸ್ಕೊಂಡು ಕುಂತ್ರೆ ರೊಟ್ಟಿ ಸೀದೋಗ್ತದೆ ಕಣಮ್ಮ, ಅದನ್ನ ಯಾವ ಪತ್ತೇದಾರ ಬಂದು ತಿರುವಾಕ್ತಾನೆ?" ರೊಟ್ಟಿ ಸೀದರೂ ನಾನು ಬಿಡುತ್ತಿರಲಿಲ್ಲ. ಅರ್ಧ ಪುಸ್ತಕಕ್ಕೇ ಕೊಲೆಗಾರನನ್ನು ಹಿಡಿದುಬಿಡುತ್ತಿದ್ದೆ, ಹತ್ತರಲ್ಲಿ ಎಂಟು ಸಲ ಸರಿಯಾಗಿರುತ್ತಿತ್ತು. ಆ ಎಂಟು ಸಲ ನನ್ನ ತಲೆಗೆ ಏರಿಸಿದ ಕೊಬ್ಬು ಎಂಥದ್ದು ಅಂತ ಆಗ ಗೊತ್ತಿರಲಿಲ್ಲ.

ಮೇಷ್ಟ್ರ ಕೆಲಸ ಸಿಕ್ಕಿ ಮೊದಲ ನೇಮಕ ಆದದ್ದು ಕ್ಯಾತಗಾನಚೆರ್ಲು ದಾಟಿದ ಮೇಲೆ ಸಿಗುವ ಒಂದು ಹಳ್ಳಿಯ ಶಾಲೆಗೆ. ಆಗ ಆ ಸೀಮೆಯಲ್ಲಿ ಸೋಲಾರ್ ತಗಡುಗಳನ್ನು ನಿಲ್ಲಿಸುತ್ತಿದ್ದ ಕಾಲ. ಕಡಲೆಕಾಯಿ ಬೆಳೆಯುತ್ತಿದ್ದ ಹೊಲಗಳಿಗೆಲ್ಲ ತಂತಿಬೇಲಿ ಬಿದ್ದಿತ್ತು. ಜಮೀನು ಗುತ್ತಿಗೆಗೆ ಹೋದ ಮನೆಗಳಲ್ಲಿ ಯಾರ ಹೆಸರಿಗೆ ಎಷ್ಟು, ಯಾರ ಪಾಲು ಯಾವುದು ಅನ್ನುವ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. ಅಂಗಡಿ ಮುಂದೆ ನಿಂತರೂ ಅದೇ, ಬಸ್ಸಿಗೆ ಕಾದರೂ ಅದೇ.

ಊರಿನವರ ಮನೆಮಾತು ತೆಲುಗು. ನಮ್ಮಂಥವರ ಜೊತೆ ಕನ್ನಡ ಆಡಿದರೂ ಮಧ್ಯೆ ಮಧ್ಯೆ ತೆಲುಗು ಇಣುಕುತ್ತಿತ್ತು. ನಾನೋ ಕನ್ನಡದಲ್ಲಿ ಎಂ.ಎ. ಮಾಡಿದವಳು, ಒತ್ತಕ್ಷರ ತಪ್ಪಿದರೆ ಮೈ ಉರಿಯುವವಳು. ಹೋಗಿ ಹತ್ತು ದಿನಕ್ಕೇ 'ಲೇದು' ಅಂದರೆ ಇಲ್ಲ, 'ಪೋ' ಅಂದರೆ ಹೋಗು, 'ಪೆದ್ದೋಡು' ದೊಡ್ಡವನು, 'ಚಿನ್ನೋಡು' ಚಿಕ್ಕವನು ಅಂತೆಲ್ಲ ಕಲಿತು, ಇನ್ನೇನಿದೆ ಈ ಭಾಷೆಯಲ್ಲಿ ಅಂದುಕೊಂಡಿದ್ದೆ. ಹನ್ನೊಂದನೇ ದಿನ ಕೊಲೆಯಾಯಿತು.

ಸತ್ತವನು ಆ ಊರಿನ ಒಬ್ಬ ರೈತ, ಇಬ್ಬರು ಅಣ್ಣತಮ್ಮಂದಿರಲ್ಲಿ ದೊಡ್ಡವನು. ತಾಯಿ ಅವನ ಜೊತೆಗೇ ಇದ್ದಳು. ಚಿಕ್ಕವನು ಹೆಂಡತಿ ಮತ್ತು ಎಳೇ ಮಗುವಿನ ಜೊತೆ ಹಿಂದಿನ ಬೀದಿಯಲ್ಲಿ ಬೇರೆ ಇದ್ದ. ಬೆಳಿಗ್ಗೆ ಹೊಲದ ಕಡೆ ಹೋದ ದೊಡ್ಡವನು ಬಿಸಿಲೇರಿದರೂ ಬರಲಿಲ್ಲ ಅಂತ ತಾಯಿ ಹುಡುಕಿಕೊಂಡು ಹೋದರೆ, ತಂತಿಬೇಲಿಯ ಪಕ್ಕ ತಲೆ ಒಡೆದು ಬಿದ್ದಿದ್ದ. ಹತ್ತಿರದಲ್ಲೇ ಒಂದು ಮೊಳ ಉದ್ದದ ತಾಮ್ರದ ಕೇಬಲ್ ತುಂಡು ಬಿದ್ದಿತ್ತಂತೆ, ಗಾಡಿಯೊಂದರ ಚಕ್ರದ ಗುರುತೂ ಇತ್ತಂತೆ. ಅಂತೆ ಅನ್ನುತ್ತೇನೆ, ಯಾಕೆಂದರೆ ಅದರ ಬಗ್ಗೆ ಆಮೇಲೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೆಡಿಸಿಕೊಳ್ಳದಂತೆ ಮಾಡಿದವಳು ನಾನು.

ಸಬ್‌ಇನ್ಸ್‌ಪೆಕ್ಟರು ಧಾರವಾಡದ ಕಡೆಯವರು, ಅವರಿಗೂ ತೆಲುಗು ಬಾರದು. ತೆಲುಗು ಬಲ್ಲ ಪೇದೆಗಳು ಹೆಣದ ಜೊತೆ ಆಸ್ಪತ್ರೆಗೆ ಹೋಗಿದ್ದರು. ದೂರು ಬರೆಯಲು ಕೈ ಬೇಕಿತ್ತು. ಶಾಲೆಗೆ ಬಂದು, "ಮೇಡಂ, ನಿಮ್ಮ ಅಕ್ಷರ ಚಲೋ ಅದಾವಂತ, ಆ ಮುದುಕಿ ಹೇಳಿದ್ದನ್ನ ಸ್ವಲ್ಪ ಬರದು ಕೊಡ್ರಿ" ಅಂದರು. ಹೆಡ್‌ಮಾಸ್ಟರು ನನ್ನ ಮುಖ ನೋಡಿ, "ಹೋಗ್ಬನ್ನಿ, ಸರ್ಕಾರಿ ಕೆಲಸ" ಅಂದರು. ನನಗೆ ಹೆದರಿಕೆ ಆಗಬೇಕಿತ್ತು. ಆದದ್ದು ಹುಮ್ಮಸ್ಸು. ನಾಚಿಕೆ ಬಿಟ್ಟು ಹೇಳುತ್ತೇನೆ, ಚಪ್ಪಲಿ ಮೆಟ್ಟುವಾಗಲೇ ಕೊಲೆಗಾರ ಯಾರಿರಬಹುದು ಅಂತ ಲೆಕ್ಕ ಹಾಕತೊಡಗಿದ್ದೆ.

ಆ ತಾಯಿ ಹಜಾರದ ಕಂಬಕ್ಕೆ ಒರಗಿ ಕೂತಿದ್ದಳು. ಅತ್ತು ಅತ್ತು ಗಂಟಲು ಕಟ್ಟಿತ್ತು. ಬೆಳಿಗ್ಗೆ ಮನೆಗೆ ಯಾರಾದರೂ ಬಂದಿದ್ದರಾ ಅಂತ ಕೇಳಿದಾಗ ಆಕೆ ಹೇಳಿದ್ದು ಇಷ್ಟು. ಒಂದು ಅಕ್ಷರ ಮರೆತಿಲ್ಲ.

"ಚಿನ್ನೋಡು ಬಂದಿದ್ದ ಸಾರ್, ತೆಲ್ಲಾರ್ತಾನೇ. ಪಾಲ್ಗೆ ಬಂದಿದ್ದ. ದಿನಾ ಬರ್ತಾನೆ. ಪೆದ್ದೋಡು ಇವತ್ತು ಲೇದು ಪೋ ಅಂದ. ಅವನೇನೂ ಮಾತಾಡ್ಲಿಲ್ಲ, ಚೆಂಬು ಎತ್ಕೊಂಡು ಪೋಯ್ದ."

ತೆಲ್ಲಾರ್ತಾನೇ ಅಂದರೆ ಬೆಳಕು ಹರಿಯುವಾಗ ಅಂತ ನಾನೇ ಇನ್ಸ್‌ಪೆಕ್ಟರಿಗೆ ತಿಳಿಸಿ ಹೇಳಿದೆ. ಚೆಂಬು ಅಂದರೆ ಚೊಂಬು ಅಂತಲೂ ಹೇಳಿದೆ. ಅವರು ತಲೆದೂಗಿ, "ಪಾಲು ಅಂದರ ಹೊಲದ ಪಾಲೇನ್ರಿ ಮೇಡಂ?" ಅಂತ ಕೇಳಿದರು. ಕೇಳಿದ್ದು ನನ್ನನ್ನು. ಎದುರಿಗೆ ಕೂತ ಮುದುಕಿಯನ್ನು ಅಲ್ಲ.

"ಇನ್ಯಾವುದು ಸಾರ್" ಅಂದೆ.

ಲೇದು, ಪೋ, ಚೆಂಬು ಎಲ್ಲ ಬೇರೆ ಭಾಷೆಯ ಮಾತು ಅಂತ ಗೊತ್ತಿದ್ದರಿಂದ ಎಚ್ಚರಿಕೆಯಿಂದ ಕೇಳಿಸಿಕೊಂಡಿದ್ದೆ. ಪಾಲು ನನ್ನ ಸ್ವಂತ ಮಾತು, ಅದರ ಬಗ್ಗೆ ಕೇಳುವುದೇನಿದೆ? ದಿನಾ ಪಾಲು ಕೇಳುವ ತಮ್ಮ, ಇಲ್ಲ ಹೋಗು ಅನ್ನುವ ಅಣ್ಣ, ಮಾತಾಡದೆ ಹೊರಟುಹೋಗುವ ಸಿಟ್ಟು. ಎಲ್ಲ ತಾನಾಗಿ ಕೂಡಿಕೊಂಡಿತು. ಪಾಲು ಕೇಳಲು ಬಂದವನಿಗೆ ಕೈಯಲ್ಲಿ ಚೊಂಬು ಯಾಕೆ ಅಂತ ಒಂದು ಕ್ಷಣ ಕೂಡ ಯೋಚಿಸಲಿಲ್ಲ. ಪುಸ್ತಕದಲ್ಲಾಗಿದ್ದರೆ ಯೋಚಿಸುತ್ತಿದ್ದೆ.

ಆಕೆಯ ನಾಲ್ಕು ಮುರುಕು ಮಾತನ್ನು ನಾನು ಶುದ್ಧ ಕನ್ನಡದಲ್ಲಿ ಒಂದು ಪುಟ ಮಾಡಿದೆ. 'ಪ್ರತಿದಿನವೂ ಬಂದು ತನ್ನ ಪಾಲಿಗಾಗಿ ಪೀಡಿಸುತ್ತಿದ್ದನು' ಅಂತ ಬರೆದೆ. ಪೀಡಿಸುತ್ತಿದ್ದನು ಅನ್ನುವುದು ಪೂರ್ತಿ ನನ್ನದೇ ಕಾಣಿಕೆ. 'ಕಿರಿಯ ಮಗನ ಮೇಲೆ ಅನುಮಾನವಿರುತ್ತದೆ' ಅನ್ನುವುದು ಇನ್ಸ್‌ಪೆಕ್ಟರದು. ಬರೆದದ್ದನ್ನು ಗಟ್ಟಿಯಾಗಿ ಓದಿದೆ. ಆಕೆ ಪ್ರತಿ ಸಾಲಿಗೂ ಊ, ಊ ಅಂದಳು. ಆ ಸ್ಥಿತಿಯಲ್ಲಿ ಪಂಚಾಂಗ ಓದಿದ್ದರೂ ಊ ಅನ್ನುತ್ತಿದ್ದಳು. ಓದಿ ಹೇಳಲಾಗಿ ಕೇಳಿ ಸರಿಯೆಂದು ಒಪ್ಪಿದ್ದು ಅಂತ ಬರೆದು, ಆಕೆಯ ಹೆಬ್ಬೆಟ್ಟನ್ನು ನಾನೇ ಹಿಡಿದು ಒತ್ತಿಸಿದೆ. ಬರೆದವರು ಅನ್ನುವ ಕಡೆ ನನ್ನ ಸಹಿ.

ಅವತ್ತು ಸಂಜೆಯೇ ತಮ್ಮನನ್ನು ಹಿಡಿದರು. ಅವನು ಪೊಲೀಸರಿಗೆ, ಹಾಲಿಗೆ ಹೋಗಿದ್ದೆ ಸಾರ್, ಹೆಂಡತಿಗೆ ಎದೆಹಾಲು ಬತ್ತಿದೆ, ಮಗುವಿಗೆ ದಿನಾ ಅಣ್ಣನ ಮನೆಯಿಂದಲೇ ತರೋದು, ಅವತ್ತು ಕರು ಕುಡಿದುಬಿಟ್ಟಿತ್ತು, ಅದಕ್ಕೆ ಅಣ್ಣ ಇಲ್ಲ ಅಂದ ಅಂತ ಹೇಳಿದನಂತೆ. "ಹಾಲಿನ ಕತಿ ಹೇಳ್ತಾನ ಮಗ, ಅವರವ್ವನೇ ಪಾಲು ಅಂತ ಹೇಳ್ಯಾಳ" ಅಂತ ಇನ್ಸ್‌ಪೆಕ್ಟರು ನಕ್ಕರಂತೆ. ಅದರಿಂದಲೇ ತಲೆಗೆ ಹೊಡೆದಿರಬೇಕು ಅಂತ ಚೊಂಬನ್ನು ಬಟ್ಟೆಯಲ್ಲಿ ಸುತ್ತಿ ಅರಗು ಹಾಕಿ ಪ್ರಯೋಗಾಲಯಕ್ಕೆ ಕಳಿಸಿದರು. ಊರವರು ನನ್ನನ್ನು ಕಂಡರೆ ದಾರಿ ಬಿಡತೊಡಗಿದರು. ಅದು ಗೌರವ ಅಂದುಕೊಂಡೆ.

ಒಂದೂವರೆ ತಿಂಗಳು ಕಳೆದಿತ್ತು. ಶಾಲೆಯಲ್ಲಿ ಬೆಳಿಗ್ಗೆ ಮಕ್ಕಳಿಗೆ ಪುಡಿ ಕಲಸಿ ಹಾಲು ಕಾಯಿಸಿ ಕೊಡುತ್ತಾರಲ್ಲ, ಅಷ್ಟು ದಿನ ಆ ಕೆಲಸ ಮಾಡುತ್ತಿದ್ದವಳು ನಮ್ಮ ಮಧುಗಿರಿ ಕಡೆಯಿಂದ ಮದುವೆಯಾಗಿ ಬಂದವಳು, ಕನ್ನಡದವಳು. ಅವಳು ಹೆರಿಗೆಗೆ ಹೋಗಿ ಬೇರೊಬ್ಬಳು ಬಂದಿದ್ದಳು. ನಾನು ಹಾಜರಿ ಕೂಗುತ್ತಿದ್ದೆ. ಅಡುಗೆಮನೆಯಿಂದ ಅವಳು ಅರಚಿದಳು.

"ಅಯ್ಯೋ, ಪಾಲು ಪೊಂಗಿಪೋಯಿನಾಯಿ!"

"ಏನಮ್ಮ ಪೊಂಗಿದ್ದು?" ಅಂತ ಕೇಳಿದೆ. ಪದ ಕಲಿಯುವ ಚಪಲ.

"ಪಾಲು ಮೇಡಂ, ಪಾಲು. ಉಕ್ಕೋಯ್ತು" ಅಂತ ಸೌಟೆತ್ತಿ ತೋರಿಸಿದಳು. ಸೌಟಿನಿಂದ ಹಾಲು ತೊಟ್ಟಿಕ್ಕುತ್ತಿತ್ತು.

ಹಾಜರಿ ಪುಸ್ತಕ ಮುಚ್ಚಿ ಕೂತುಬಿಟ್ಟೆ. ಮಕ್ಕಳಿಗೆ ಕೇಳಿದೆ, ಪಾಲು ಅಂದರೆ ಏನ್ರೋ? ನಲವತ್ತು ಮಕ್ಕಳೂ ಒಟ್ಟಿಗೆ "ಹಾಲೂ" ಅಂದವು. ಆ ಊರಿನ ಹಾಲುಗಲ್ಲದ ಹಸುಳೆಗೂ ಗೊತ್ತಿದ್ದದ್ದು ಎಂ.ಎ. ಓದಿದವಳಿಗೆ ಗೊತ್ತಿರಲಿಲ್ಲ.

ಆ ಮಧ್ಯಾಹ್ನವೇ ಸ್ಟೇಷನ್ನಿಗೆ ಹೋದೆ ಅನ್ನುವುದು ನನ್ನ ಪರವಾಗಿ ಹೇಳಬಹುದಾದ ಒಂದೇ ಮಾತು. ಇನ್ಸ್‌ಪೆಕ್ಟರು ಪೂರ್ತಿ ಕೇಳಿಸಿಕೊಂಡರು. ಚಹಾ ತರಿಸಿದರು. ಆಮೇಲೆ, "ಮೇಡಂ, ಮುದುಕಿ ಹೇಳಿದ್ದನ್ನ ಹೇಳಿದಂಗ ಬರದೀನಿ ಅಂತ ಸಹಿ ಮಾಡೀರಿ. ಈಗ ಇಲ್ಲ ಅಂದ್ರ ಸುಳ್ಳು ದಾಖಲೆ ಮಾಡಿದ್ದು ಯಾರು, ನೀವೇ ಅಲ್ಲೇನು? ಪ್ರೊಬೇಷನ್‌ದಾಗ ಇದ್ದೀರಿ. ವಿಚಾರ ಮಾಡ್ರಿ" ಅಂದರು. ದನಿ ಏರಿಸಲಿಲ್ಲ. ಮಗಳಿಗೆ ಬುದ್ಧಿ ಹೇಳುವವರ ಹಾಗೆ ಹೇಳಿದರು.

ಹೆಡ್‌ಮಾಸ್ಟರಿಗೆ ಹೇಳಿಕೊಂಡೆ. ಅವರೂ ನಮ್ಮ ಕಡೆಯವರೇ, ಕೊರಟಗೆರೆಯವರು. "ನಿಮಗ್ಯಾಕಮ್ಮ ಊರ ಉಸಾಬರಿ? ಪಾಲಿಗೆ ಬಂದದ್ದು ಪಂಚಾಮೃತ ಅಂತ ಸುಮ್ನೆ ಇದ್ಬುಡಿ. ಅವ್ನು ಮಾಡಿಲ್ಲ ಅಂದ್ರೆ ಕೋರ್ಟೇ ಬಿಟ್ಟಾಕ್ತದೆ" ಅಂದರು. ಆ ಗಾದೆ ಆ ಹೊತ್ತಿಗೆ ಅವರ ಬಾಯಿಂದ ಯಾಕೆ ಬಂತೋ, ಅವರಿಗಂತೂ ಅದರ ಕುಹಕ ತಿಳಿಯಲಿಲ್ಲ. ನಾನು ಸುಮ್ಮನೆ ಇದ್ದುಬಿಟ್ಟೆ. ಕೆಲಸ ಹೋದರೆ ಅನ್ನುವ ಹೆದರಿಕೆ ಅರ್ಧ. ಇನ್ನರ್ಧ ಅದಕ್ಕಿಂತ ಕೀಳು. ಕನ್ನಡದ ಮೇಡಂಗೆ ಹಾಲಿಗೂ ಪಾಲಿಗೂ ವ್ಯತ್ಯಾಸ ತಿಳಿಯಲಿಲ್ಲ ಅಂತ ಊರು ನಗುತ್ತದಲ್ಲ ಅನ್ನುವ ಅಳುಕು.

ಕೇಸು ಕೋರ್ಟಿಗೆ ಬಂದದ್ದು ಎರಡು ವರ್ಷದ ಮೇಲೆ. ಅಷ್ಟರಲ್ಲಿ ನನಗೆ ಶಿರಾ ತಾಲ್ಲೂಕಿಗೆ ವರ್ಗವಾಗಿತ್ತು. ತಮ್ಮ ಅಷ್ಟೂ ದಿನ ಜೈಲಿನಲ್ಲೇ ಇದ್ದ, ಜಾಮೀನಿಗೆ ನಿಲ್ಲುವವರು ಯಾರೂ ಇರಲಿಲ್ಲ. ಹೆಂಡತಿ ಮಗುವನ್ನು ಎತ್ತಿಕೊಂಡು ಗಡಿಯಾಚೆಯ ತವರಿಗೆ ಹೋಗಿಬಿಟ್ಟಿದ್ದಳು. ಕೋರ್ಟಿನ ಹೊರಗೆ ಸಾಕ್ಷಿಗಳ ಬೆಂಚಿನ ಮೇಲೆ ನಾನೂ ಆ ತಾಯಿಯೂ ಅಕ್ಕಪಕ್ಕ ಕೂತಿದ್ದೆವು. "ಬಾಗುನ್ನಾರಾ ಟೀಚರಮ್ಮ?" ಅಂದಳು, ಚೆನ್ನಾಗಿದ್ದೀರಾ ಅಂತ. ಹೂಂ ಅಂದೆ. ಆಗಲೇ ಅವಳ ಕಿವಿಯಲ್ಲಿ ಹೇಳಬಹುದಿತ್ತು. ಮೊದಲು ಅವಳನ್ನು ಒಳಗೆ ಕರೆದರು. ಹೊರಗೆ ಬಂದವಳು ನನ್ನ ಕಡೆ ನೋಡದೆ ಮೆಟ್ಟಿಲಿಳಿದು ಹೋದಳು. ಆಮೇಲೆ ನನ್ನ ಸರದಿ.

ಕಟಕಟೆಯ ಒಳಗೆ ಅವನು ನಿಂತಿದ್ದ. ಅವನನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ. ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. ಈ ಅಕ್ಷರ ನಿಮ್ಮದೇ? ಹೌದು. ಆಕೆ ಹೇಳಿದಂತೆಯೇ ಬರೆದಿರಾ? ಅವನು ನನ್ನನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ. ಮೇಷ್ಟ್ರು ನಿಜ ಹೇಳುತ್ತಾರೆ ಅಂತ ನಂಬಿದ ಮಗುವಿನ ಹಾಗೆ ನೋಡುತ್ತಿದ್ದ.

"ಹೌದು" ಅಂದೆ.

ಅವನ ವಕೀಲರು ಕೇಳಿದ್ದೂ ಬರೀ ತಾರೀಕು, ಹೊತ್ತು, ಪೆನ್ನಿನ ಬಣ್ಣ. ಪಾಲು ಅಂದರೇನು ಅಂತ ಯಾರೊಬ್ಬರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದನ್ನೂ ಈಗ ನಂಬುವುದಿಲ್ಲ.

ಚೊಂಬಿನಲ್ಲಿ ರಕ್ತ ಸಿಗಲಿಲ್ಲ. ಬೇರೆ ಸಾಕ್ಷಿಯೂ ಇರಲಿಲ್ಲ. ಸಂಶಯದ ಲಾಭ ಕೊಟ್ಟು ಬಿಟ್ಟರು. ಹೆಡ್‌ಮಾಸ್ಟರು ಫೋನು ಮಾಡಿ, "ನಾನು ಯೋಳಿರ್ಲಿಲ್ವಾ?" ಅಂದರು. ನನಗೂ ಎದೆಯ ಭಾರ ಇಳಿದ ಹಾಗಾಯಿತು, ಸುಳ್ಳು ಯಾಕೆ ಹೇಳಲಿ. ಅವನು ಬಿಡುಗಡೆಯಾದ, ನನ್ನ ತಪ್ಪಿನಿಂದ ಕೊನೆಗೂ ಏನೂ ಆಗಲಿಲ್ಲ ಅಂತ ತೀರ್ಮಾನ ಮಾಡಿಕೊಂಡೆ. ಕೊಂದವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಕೇಬಲ್ ಕದಿಯುವವರ ಗಾಡಿಗೆ ದೊಡ್ಡವನು ಅಡ್ಡ ಬಂದಿರಬೇಕು ಅಂತ ಆ ಊರಿನಲ್ಲಿ ಕೆಲವರು ಪಿಸುಗುಟ್ಟುತ್ತಾರೆ. ಅದೂ ಊಹೆಯೇ. ಊಹೆಗಳ ಸಹವಾಸ ನನಗೆ ಸಾಕಾಗಿದೆ.

ಈಗ ಈ ವಿಡಿಯೋ ಬಂತು. ನಾನೇ ಚಾನೆಲ್‌ನವನ ನಂಬರು ಹುಡುಕಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಜೀವನದಲ್ಲಿ ಮೊದಲ ಸಲ ಪೂರ್ತಿ ಹೇಳಿದ್ದು ಅವನಿಗೆ. ಅವನು, "ಸೂಪರ್ ಮೇಡಂ, ಆದ್ರೆ ಹಾಲಿನ ಮ್ಯಾಟರ್ ಹಾಕಿದ್ರೆ ಕಾಮಿಡಿ ಆಗುತ್ತೆ, ಪಾಲೇ ಇರ್ಲಿ ಬಿಡಿ" ಅಂದ. ಕೋಪದಿಂದ ಫೋನು ಕುಕ್ಕಿದೆ. ಆಮೇಲೆ ನೋಡಿದರೆ ಅವನು ಮಾಡಿದ್ದು ನಾನು ಮಾಡಿದ್ದನ್ನೇ. ಕತೆಗೆ ಯಾವುದು ಒಗ್ಗುತ್ತದೋ ಅದನ್ನು ಇಟ್ಟುಕೊಂಡ.

ಮರುದಿನ ರಜೆ ಹಾಕಿ, ಮಧುಗಿರಿಯಲ್ಲಿ ಬಸ್ಸು ಬದಲಿಸಿ ಆ ಊರಿಗೆ ಹೋದೆ. ಆ ತಾಯಿ ಒಬ್ಬಳೇ ಹೊಸಿಲ ಬಳಿ ಕೂತು ಮೊರದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ಗುರುತು ಹಿಡಿದಳು. ಪಕ್ಕದಲ್ಲಿ ಕೂತು, ನಾನೂ ನಾಲ್ಕು ಕಾಯಿ ಸುಲಿದು, ಕೊನೆಗೆ ಬಾಯಿ ಬಿಟ್ಟೆ.

"ಅಜ್ಜಿ, ಅವತ್ತು ಚಿಕ್ಕ ಮಗ ಪಾಲ್ಗೆ ಬಂದಿದ್ದ ಅಂದ್ರಲ್ಲ, ನೀವು ಹೇಳಿದ್ದು ಹಾಲು. ನಾನು ಆಸ್ತಿ ಪಾಲು ಅಂತ ಬರೆದುಬಿಟ್ಟೆ. ತಪ್ಪು ನಂದು. ಕೋರ್ಟಿನಲ್ಲೂ ಹೇಳಲಿಲ್ಲ."

ಅವಳ ಕೈ ನಿಂತಿತು. ಬೈಯುತ್ತಾಳೆ ಅಂದುಕೊಂಡೆ, ಹೊಡೆದರೂ ಹೊಡೆಯಲಿ ಅಂದುಕೊಂಡೆ. ಅವಳು ಮೊರವನ್ನು ಕೆಳಗಿಟ್ಟು ನಿಧಾನವಾಗಿ ಮಾತಾಡಿದಳು.

"ಕೋರ್ಟ್ನಾಗೆ ಲಾಯರು ಓದಿದ್ರಮ್ಮ. ಪಾಲಿನ ಆಸ್ತಿ ಅಂತ. ನಾನು ಅಂಗೆ ಅಂದೆನಾ ಅನ್ನಿಸ್ತು. ಆದ್ರೆ ಬರ್ದಿದ್ದು ಟೀಚರಮ್ಮ. ಟೀಚರಮ್ಮ ಅಬದ್ಧ ಬರೀತಾರಾ? ನಾನು ಮುದುಕಿ, ಅವತ್ತು ನಂಗೆ ಮೈಮೇಲೆ ಗ್ಯಾನ ಇರ್ಲಿಲ್ಲ. ಅಣ್ಣತಮ್ಮ ಒಳಗೆ ಏನು ಮಾತಾಡ್ಕೊಂಡ್ರೋ, ನಂಗೆ ಕೇಳಿಲ್ಲ, ಟೀಚರಮ್ಮಂಗೆ ಗೊತ್ತಾಗೈತೆ ಅಂದ್ಕೊಂಡೆ. ಅಂಗಾದ್ರೆ ಚಿನ್ನೋಡೇ ಕೊಂದವ್ನೆ ಅಂದ್ಕೊಂಡೆ."

ಕೈಯಲ್ಲಿದ್ದ ಕಾಯನ್ನು ಸುಲಿಯದೆ ಮೊರಕ್ಕೆ ಹಾಕಿದೆ.

"ಬಿಟ್ಟ ಮೇಲೆ ಬಂದಿದ್ದ ಇಲ್ಲಿಗೆ. ಇದೇ ಬಾಗ್ಲು ತಟ್ಟಿದ. ಅಮ್ಮಾ ಅಂದ. ಅಣ್ಣನ್ನ ಕೊಂದೋನಿಗೆ ತೆಗೀಲಾ ಅಂತ ಚಿಲಕ ಹಾಕ್ಬುಟ್ಟೆ. ಹೊರಗಿಂದ್ಲೇ ಕೇಳ್ದ. ಅಮ್ಮಾ, ಅವತ್ತು ನಾನು ಯಾತಕ್ಕೆ ಬಂದಿದ್ದೆ ಅಂತ ನಿಂಗೊತ್ತಲ್ಲ ಅಂದ. ಗೊತ್ತು ಪೋ, ಪಾಲ್ಗೆ ಬಂದಿದ್ದೆ ಅಂದೆ ಒಳಗಿಂದ. ಸ್ವಲ್ಪ ಹೊತ್ತು ಅಂಗೇ ನಿಂತಿದ್ದ. ಆಮ್ಯಾಲೆ ಹೊಂಟೋದ. ಎಲ್ಲವ್ನೆ, ಇದ್ದಾನಾ ಇಲ್ವಾ, ಒಂದೂ ಗೊತ್ತಿಲ್ಲ."

ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. ಅಳುತ್ತಿರಲಿಲ್ಲ.

"ನಾನು ಅಂದಿದ್ದು ಆಸ್ತಿ ಪಾಲು ಟೀಚರಮ್ಮ. ಅವನಿಗೆ ಹಾಲು ಅಂತ ಕೇಳಿಸಿರ್ತದಲ್ವಾ? ಅಮ್ಮನಿಗೆ ಎಲ್ಲ ಗೊತ್ತಿದ್ದೂ ಬಾಗ್ಲು ತೆಗೀಲಿಲ್ಲ ಅಂತ ತಿಳ್ಕೊಂಡೇ ಹೋಗಿರ್ತಾನಲ್ವಾ?"

ಇಲ್ಲ ಅಜ್ಜಿ ಅಂತ ಒಂದು ಸುಳ್ಳು ಹೇಳಬಹುದಿತ್ತು. ನಾನು ಹೇಳಲೇಬೇಕಾಗಿದ್ದ ಸುಳ್ಳು ಅದೊಂದೇ.

ನಾನು ಹೌದು ಅಂದೆ.